ಪಾರ್ಸಲ್ ಒಂದು ಕಡೆ, ಟ್ರ್ಯಾಕಿಂಗ್ ಇನ್ನೊಂದು ಕಡೆ: ಆನ್‌ಲೈನ್ ಮಾರಾಟಗಾರರ ಜಗಳ ಹುಟ್ಟುವುದು ಎಲ್ಲಿ?

ರಾಜಾಜಿನಗರದ ಮನೆಯಿಂದಲೇ ಕಾಟನ್ ಸೀರೆ ಮಾರುವ ಒಬ್ಬರು ಧಾರವಾಡಕ್ಕೆ ಪಾರ್ಸಲ್ ಕಳಿಸಿದ್ದಾರೆ ಅಂದುಕೊಳ್ಳಿ. ಸೀರೆ ತಲುಪಿದೆ. ತಗೊಂಡವರು ಅದನ್ನು ಉಟ್ಟು ಮದುವೆಗೂ ಹೋಗಿ ಬಂದಿದ್ದಾರೆ. ಆದರೆ ಟ್ರ್ಯಾಕಿಂಗ್ ಪುಟದಲ್ಲಿ ಪಾರ್ಸಲ್ ಇನ್ನೂ ಹುಬ್ಬಳ್ಳಿಯಲ್ಲೇ ಇದೆ. ಮಾರ್ಕೆಟ್‌ಪ್ಲೇಸ್ (ಅಮೆಜಾನ್‌ನಂಥ ಆನ್‌ಲೈನ್ ಮಾರಾಟ ತಾಣ) ಲೆಕ್ಕದಲ್ಲಿ ಆರ್ಡರ್ ಮುಗಿದಿಲ್ಲ, ದುಡ್ಡು ಖಾತೆಗೆ ಬಂದಿಲ್ಲ. ಇಂಥ ಹೊತ್ತಲ್ಲಿ ಯಾರಾದರೂ "ಪಾರ್ಸಲ್ ಬಂದಿಲ್ಲ" ಅಂತ ಒಂದು ದೂರು ಹಾಕಿಬಿಟ್ಟರೆ ಸೀರೆಯೂ ಹೋಯಿತು, ದುಡ್ಡೂ ಹೋಯಿತು.

ಇದರ ಉಲ್ಟಾ ಕೂಡ ಆಗುತ್ತದೆ. ಪುಟದಲ್ಲಿ 'ಡೆಲಿವರ್ಡ್' ಅಂತ ಇದೆ. ಗ್ರಾಹಕರು ಇಡೀ ದಿನ ಮನೆಯಲ್ಲೇ ಇದ್ದರು, ಬಾಗಿಲು ತಟ್ಟಿದವರು ಯಾರೂ ಇಲ್ಲ. ಅವರಿಗೆ ಮಾರಾಟಗಾರರ ಮೇಲೆ ಅನುಮಾನ, ಮಾರಾಟಗಾರರಿಗೆ ಅವರ ಮೇಲೆ ಅನುಮಾನ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ತಪ್ಪು ಇರುವುದು ಮಧ್ಯದಲ್ಲಿ, ಇಬ್ಬರಿಗೂ ತಿದ್ದಲು ಆಗದ ಒಂದು ದಾಖಲೆಯಲ್ಲಿ.

ಚಿಕ್ಕಪೇಟೆಯ ಅಂಗಡಿಯವರಿಂದ ಹಿಡಿದು ಕೆಂಗೇರಿಯ ಫ್ಲ್ಯಾಟಿನಲ್ಲಿ ಕೂತು ಮಸಾಲೆ ಪುಡಿ ಪ್ಯಾಕ್ ಮಾಡುವವರವರೆಗೆ, ಬೆಂಗಳೂರಿನಲ್ಲಿ ಈಗ ಎಷ್ಟೋ ಸಂಸಾರ ಆನ್‌ಲೈನ್ ಮಾರಾಟದ ಮೇಲೆ ನಿಂತಿದೆ. ಅವರ ದುಡ್ಡು, ರೇಟಿಂಗ್, ಕೆಲವೊಮ್ಮೆ ಅಕೌಂಟೇ ಈ ದಾಖಲೆಯ ಮೇಲೆ ನಿಂತಿದೆ. ಅದು ಹೇಗೆ ತಯಾರಾಗುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ಜಗಳದಲ್ಲಿ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ.

ಸ್ಕ್ಯಾನ್ ಆದರೆ ಮಾತ್ರ ಲೆಕ್ಕ

ಟ್ರ್ಯಾಕಿಂಗ್ ಅಂದರೆ ಪಾರ್ಸಲ್‌ಗೆ ಜಿಪಿಎಸ್ ಕಟ್ಟಿದ್ದಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಯಾರೋ ಒಬ್ಬರು ಎಲ್ಲೋ ಒಂದು ಕಡೆ ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಸಾಲು ದಾಖಲಾಗುತ್ತದೆ. ಎರಡು ಸ್ಕ್ಯಾನ್‌ಗಳ ನಡುವೆ ಪಾರ್ಸಲ್ ಎಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಪುಟ ತೋರಿಸುವುದು ಕೊನೆಯ ಸ್ಕ್ಯಾನ್ ಯಾವುದು ಅನ್ನುವುದನ್ನಷ್ಟೇ. ನಾವು ಅದನ್ನು "ಪಾರ್ಸಲ್ ಈಗ ಇಲ್ಲಿದೆ" ಅಂತ ಓದಿಕೊಳ್ಳುತ್ತೇವೆ. ಮಾರ್ಕೆಟ್‌ಪ್ಲೇಸ್‌ನ ಸಾಫ್ಟ್‌ವೇರ್ ಕೂಡ ಹಾಗೇ ಓದಿಕೊಳ್ಳುತ್ತದೆ.

ಸ್ಪೀಡ್ ಪೋಸ್ಟ್ ಉದಾಹರಣೆ ತಗೊಳ್ಳೋಣ. 1986ರ ಆಗಸ್ಟ್ 1ರಂದು ಶುರುವಾದ ಸೇವೆ ಇದು. ಕೌಂಟರಿನಲ್ಲಿ ಬುಕ್ ಮಾಡಿದಾಗ ಮೊದಲ ಸ್ಕ್ಯಾನ್. ಆಮೇಲೆ ಪಾರ್ಸಲ್‌ಗಳನ್ನು ಚೀಲಕ್ಕೆ ಹಾಕುತ್ತಾರೆ. ಚೀಲಕ್ಕೆ ಅದರದ್ದೇ ಬಾರ್‌ಕೋಡ್ ಇರುತ್ತದೆ. ಅಲ್ಲಿಂದ ಮುಂದೆ ಲಾರಿ ಹತ್ತುವುದು, ರೈಲು ಹತ್ತುವುದು, ಇಳಿಯುವುದು ಎಲ್ಲವೂ ಚೀಲದ ಲೆಕ್ಕದಲ್ಲಿ. ಒಳಗಿರುವ ಒಂದೊಂದು ಪಾರ್ಸಲನ್ನೂ ದಾರಿಯಲ್ಲಿ ಯಾರೂ ತೆಗೆದು ನೋಡುವುದಿಲ್ಲ. ಸ್ಕೂಲ್ ಬಸ್ ಗೇಟಿನೊಳಗೆ ಬಂತು ಅಂತ ಪಟ್ಟಿಯಲ್ಲಿರುವ ಎಲ್ಲ ಮಕ್ಕಳಿಗೂ ಹಾಜರಿ ಹಾಕಿದ ಹಾಗೆ. ಬಸ್ಸಿನಲ್ಲಿ ಒಂದು ಮಗು ಕಮ್ಮಿ ಇದ್ದರೂ ಹಾಜರಿ ಬಿದ್ದಿರುತ್ತದೆ.

ಹಾಗಾಗಿ ಚೀಲ ಕಟ್ಟುವಾಗ ಒಂದು ಪಾರ್ಸಲ್ ಸ್ಕ್ಯಾನ್ ಆಗಿ, ಕೈತಪ್ಪಿ ಬೇರೆ ಚೀಲಕ್ಕೆ ಬಿದ್ದರೆ ಎರಡು ಕಥೆ ಶುರುವಾಗುತ್ತದೆ. ಪುಟದ ಪ್ರಕಾರ ಪಾರ್ಸಲ್ ಹುಬ್ಬಳ್ಳಿ ಕಡೆ ಹೋಗುತ್ತಿದೆ. ನಿಜವಾಗಿ ಅದು ಮಂಗಳೂರಿನ ದಾರಿಯಲ್ಲಿದೆ. ಮಂಗಳೂರಿನಲ್ಲಿ ಚೀಲ ಬಿಚ್ಚಿ, "ಇದು ನಮ್ಮದಲ್ಲ" ಅಂತ ಸ್ಕ್ಯಾನ್ ಮಾಡುವವರೆಗೆ ಗ್ರಾಹಕರಿಗೂ ಗೊತ್ತಿಲ್ಲ, ಮಾರಾಟಗಾರರಿಗೂ ಗೊತ್ತಿಲ್ಲ. ಆಮೇಲೆ ಪುಟದಲ್ಲಿ ಒಮ್ಮೆಲೇ ಊರು ಬದಲಾದಾಗ ಗ್ರಾಹಕರು ಗಾಬರಿಯಾಗುತ್ತಾರೆ. ತಪ್ಪು ವಿಳಾಸ ಹಾಕಿದ್ದು ಮಾರಾಟಗಾರರೇ ಅಂತ ಮೆಸೇಜ್ ಬರುತ್ತದೆ.

ನಂಬರಿನ ಬಗ್ಗೆಯೂ ಒಂದು ಮಾತು. ಸ್ಪೀಡ್ ಪೋಸ್ಟ್ ನಂಬರಿನಲ್ಲಿ 13 ಅಕ್ಷರ ಮತ್ತು ಅಂಕಿ ಇರುತ್ತವೆ. ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶದ ಗುರುತಾಗಿ 'ಐಎನ್'. ಇದು ವಿಶ್ವ ಅಂಚೆ ಒಕ್ಕೂಟದ 'ಎಸ್10' ಅನ್ನುವ ಮಾನದಂಡ. ಒಂಬತ್ತು ಅಂಕಿಗಳಲ್ಲಿ ಮೊದಲ ಎಂಟು ಮಾತ್ರ ನಿಜವಾದ ಕ್ರಮಸಂಖ್ಯೆ. ಒಂಬತ್ತನೆಯದು ತಪ್ಪು ಹಿಡಿಯಲು ಇಟ್ಟ ಅಂಕಿ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಬೇಕು. ಬಂದ ಮೊತ್ತವನ್ನು 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಬೇಕು. ಕ್ರಮಸಂಖ್ಯೆ 12345678 ಆಗಿದ್ದರೆ ಮೊತ್ತ 204, ಶೇಷ 6, ಹಾಗಾಗಿ ಕೊನೆಯ ಅಂಕಿ 5. ಉತ್ತರ 10 ಬಂದರೆ 0, 11 ಬಂದರೆ 5 ಹಾಕುತ್ತಾರೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಂಬರನ್ನು ಕೈಯಲ್ಲಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಈ ಲೆಕ್ಕ ಬಹುತೇಕ ಸಲ ಅದನ್ನು ಹಿಡಿದುಬಿಡುತ್ತದೆ. ಆದರೆ ಮಾರಾಟಗಾರ ನಂಬರ್ ತುಂಬುವ ಸಾಫ್ಟ್‌ವೇರ್ ಆ ಲೆಕ್ಕ ಮಾಡಿದರೆ ಮಾತ್ರ. ಹತ್ತಾರು ಪಾರ್ಸಲ್ ಒಟ್ಟಿಗೆ ಬುಕ್ ಮಾಡಿ, ಮನೆಗೆ ಬಂದು ರಸೀದಿ ನೋಡಿಕೊಂಡು ನಂಬರ್ ತುಂಬುವಾಗ ಎರಡು ಆರ್ಡರಿನ ನಂಬರ್ ಅದಲುಬದಲಾಗುವುದು ಇನ್ನೂ ಸುಲಭ. ಆಗ ಎರಡೂ ಸರಿಯಾದ ನಂಬರ್‌ಗಳೇ. ಯಾವ ಲೆಕ್ಕಕ್ಕೂ ಅದು ಸಿಕ್ಕಿಬೀಳುವುದಿಲ್ಲ. ಬೆಳಗಾವಿಯವರ ಆರ್ಡರ್ ತುಮಕೂರಿನಲ್ಲಿ ಡೆಲಿವರಿ ಆದ ಹಾಗೆ ಕಾಣುತ್ತದೆ. ಇಂಥ ಕೇಸಿನಲ್ಲಿ ಮಾರ್ಕೆಟ್‌ಪ್ಲೇಸ್ ಮಾರಾಟಗಾರರ ಪರ ನಿಲ್ಲುವುದು ಕಷ್ಟ.

ನಾಲ್ಕನೇ ಕ್ರಾಸ್, ಎರಡನೇ ಮೇನ್

ನಮ್ಮೂರಿನ ವಿಳಾಸಗಳು ಈ ಸಮಸ್ಯೆಯನ್ನು ಇನ್ನಷ್ಟು ಜಾಸ್ತಿ ಮಾಡುತ್ತವೆ. "4ನೇ ಕ್ರಾಸ್, 2ನೇ ಮೇನ್" ಅನ್ನುವ ಜಾಗ ಬೆಂಗಳೂರಿನ ಹೆಚ್ಚುಕಮ್ಮಿ ಎಲ್ಲ ಲೇಔಟಿನಲ್ಲೂ ಇದೆ. ಜೆ.ಪಿ. ನಗರದಲ್ಲಿ ಫೇಸ್, ಬನಶಂಕರಿಯಲ್ಲಿ ಸ್ಟೇಜ್, ಜಯನಗರದಲ್ಲಿ ಬ್ಲಾಕ್, ಎಚ್‌ಎಸ್‌ಆರ್‌ನಲ್ಲಿ ಸೆಕ್ಟರ್. ಆ ಒಂದು ಪದ ಬಿಟ್ಟುಹೋದರೆ ಅದೇ ಕ್ರಾಸ್, ಅದೇ ಮೇನ್ ಇರುವ ಬೇರೆ ಬೀದಿ ಸಿಗುತ್ತದೆ. ಮೇಲಿಂದ ಹಳೇ ನಂಬರ್, ಹೊಸ ನಂಬರ್. ಒಂದೇ ಬೀದಿಯಲ್ಲಿ ಒಬ್ಬರ ಹಳೇ ನಂಬರ್ ಇನ್ನೊಬ್ಬರ ಹೊಸ ನಂಬರ್ ಆಗಿರಬಹುದು.

ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ರಂದು. ಕೈಬರಹ, ಬೇರೆಬೇರೆ ಭಾಷೆ, ಒಂದೇ ಹೆಸರಿನ ಊರುಗಳ ಗೊಂದಲ ಕಮ್ಮಿ ಮಾಡುವುದಕ್ಕೆ. ರಾಜಭವನ ರಸ್ತೆಯ ಹತ್ತಿರದ ನಮ್ಮ ಜಿಪಿಒಗೆ, ಅಂದರೆ ಪ್ರಧಾನ ಅಂಚೆ ಕಚೇರಿಗೆ, 560001. ಆದರೆ ಒಂದು ಬಡಾವಣೆಗೆ ಒಂದೇ ಪಿನ್ ಅಂತ ನಿಯಮವಿಲ್ಲ. ಕೋರಮಂಗಲದ ಒಂದಷ್ಟು ಭಾಗ 560034, ಇನ್ನೊಂದಷ್ಟು 560095. ಮಲ್ಲೇಶ್ವರದವರು 560003 ಅಂತ ಬರೆಯುತ್ತಾರೆ, ಪಶ್ಚಿಮದ ಕಡೆಯವರಿಗೆ 560055. ಗ್ರಾಹಕರು ರೂಢಿಯಲ್ಲಿ ಪಕ್ಕದ ಪಿನ್ ಹಾಕಿದರೆ ಪಾರ್ಸಲ್ ಮೊದಲು ಬೇರೆ ಅಂಚೆ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಸರಿಯಾದ ಕಚೇರಿಗೆ ತಿರುಗುತ್ತದೆ. ಮನೆಗೆ ತಲುಪುವುದು ತಲುಪುತ್ತದೆ. ಆದರೆ ಪುಟದಲ್ಲಿ ಬೇರೆ ಏರಿಯಾದ ಹೆಸರು ಬಂದಿರುತ್ತದೆ, ದಿನವೂ ಹೆಚ್ಚಾಗಿರುತ್ತದೆ, ಮಾರಾಟಗಾರರ ತಲೆ ಮೇಲೆ 'ತಡ' ಅನ್ನುವ ಗುರುತು ಬಿದ್ದಿರುತ್ತದೆ.

ಕೊನೆಯ ಹಂತವೇ ಅತಿ ಹೆಚ್ಚು ತಪ್ಪಾಗುವ ಜಾಗ. ಸರ್ಜಾಪುರ ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟ್ ನೆನೆಸಿಕೊಳ್ಳಿ. ಡೆಲಿವರಿ ಹುಡುಗ ಒಂದು ಚೀಲ ಪಾರ್ಸಲ್ ತಂದು ಗೇಟಿನಲ್ಲಿ ಸೆಕ್ಯುರಿಟಿಗೆ ಕೊಡುತ್ತಾನೆ. ಅಲ್ಲೇ ನಿಂತು ಎಲ್ಲವನ್ನೂ 'ಡೆಲಿವರ್ಡ್' ಅಂತ ಒತ್ತುತ್ತಾನೆ. ಕೆಲವರು ಬಿಲ್ಡಿಂಗ್‌ಗೆ ಬರುವ ಮೊದಲೇ ಒತ್ತಿರುತ್ತಾರೆ, ದಿನದ ಟಾರ್ಗೆಟ್ ಮುಗಿಸಬೇಕಲ್ಲ. ಇನ್ನು ಕೆಲವರು ಹತ್ತಿರ ಬರದೆಯೇ 'ಮನೆ ಬೀಗ ಹಾಕಿತ್ತು' ಅಥವಾ 'ಗ್ರಾಹಕರು ಬೇಡ ಅಂದರು' ಅಂತ ಹಾಕುತ್ತಾರೆ. ಅವರನ್ನೇ ಪೂರ್ತಿ ಬೈದು ಪ್ರಯೋಜನವಿಲ್ಲ. ಒಂದು ಪಾರ್ಸಲ್‌ಗೆ ಇಷ್ಟು ಅಂತ ದುಡಿಯುವವರು ಅವರು. ಮಳೆಗಾಲದ ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರಿಗೆ ಒಂದು ಬಟನ್ ಒತ್ತಿ ಲೆಕ್ಕ ಚುಕ್ತಾ ಮಾಡುವ ಆಸೆ ಬರುವುದು ಅರ್ಥವಾಗುವಂಥದ್ದೇ. ಆದರೆ ಆ ಒಂದು ಒತ್ತುವಿಕೆಯ ನಷ್ಟ ಬೀಳುವುದು ಇನ್ನೊಬ್ಬ ದುಡಿಯುವವರ ಮೇಲೆ.

ಜಗಳದಲ್ಲಿ ತೀರ್ಪು ಕೊಡುವವರು ಯಾರು?

ಮಾರ್ಕೆಟ್‌ಪ್ಲೇಸ್‌ಗಳಲ್ಲಿ ದೂರು ಬಂದಾಗ ಮೊದಲು ನೋಡುವುದು ಸಾಫ್ಟ್‌ವೇರ್. ಅದು ಕೇಳುವ ಪ್ರಶ್ನೆಗಳು ಸರಳ. ಟ್ರ್ಯಾಕಿಂಗ್ ನಂಬರ್ ಇದೆಯಾ? ಮೊದಲ ಸ್ಕ್ಯಾನ್ ಗಡುವಿನೊಳಗೆ ಆಯಿತಾ? ಕೊನೆಯ ಸ್ಕ್ಯಾನ್ 'ಡೆಲಿವರ್ಡ್' ಅಂತ ಇದೆಯಾ? ಊರು, ಪಿನ್ ಹೊಂದುತ್ತದಾ? ಸಹಿ ಬೇಕಿದ್ದರೆ ಇದೆಯಾ? ಅಮೆಜಾನ್‌ನ 'ಎ ಟು ಝಡ್ ಗ್ಯಾರಂಟಿ', ಇಬೇಯ 'ಐಟಂ ಬಂದಿಲ್ಲ' ದೂರು, ಎಲ್ಲದರ ತಿರುಳೂ ಹೆಚ್ಚುಕಮ್ಮಿ ಇದೇ. ಇಬೇಯಲ್ಲಿ 750 ಡಾಲರ್ ಮತ್ತು ಅದಕ್ಕಿಂತ ದುಬಾರಿ ಆರ್ಡರ್‌ಗೆ 'ಡೆಲಿವರ್ಡ್' ಅಂತ ಬಂದರಷ್ಟೇ ಸಾಲದು, ಸಹಿಯ ದಾಖಲೆಯೂ ಬೇಕು. ಆನ್‌ಲೈನ್ ಪಾವತಿ ಸೇವೆ ಪೇಪಾಲ್ ಕೂಡ ಅದೇ ಗೆರೆ ಎಳೆದಿದೆ.

ಗಮನಿಸಿ, ಮೊದಲ ಸ್ಕ್ಯಾನಿನಲ್ಲೇ ಒಂದು ಬಲೆ ಇದೆ. ಮಾರಾಟಗಾರರು ಸಂಜೆ ಪಾರ್ಸಲ್‌ಗಳನ್ನು ಪಿಕಪ್ ಹುಡುಗನ ಕೈಗೆ ಕೊಟ್ಟಿರುತ್ತಾರೆ. ಅವನು ಅವಸರದಲ್ಲಿ ಎಣಿಸಿ ಮಾತ್ರ ತಗೊಂಡು ಹೋಗುತ್ತಾನೆ, ಒಂದೊಂದಾಗಿ ಸ್ಕ್ಯಾನ್ ಆಗುವುದು ರಾತ್ರಿ ಹಬ್‌ನಲ್ಲಿ, ಅಂದರೆ ಪಾರ್ಸಲ್ ವಿಂಗಡಿಸುವ ಕೇಂದ್ರದಲ್ಲಿ. ಹನ್ನೆರಡು ಗಂಟೆ ದಾಟಿದ ಮೇಲೆ ಆದರೆ ದಾಖಲೆಯ ಪ್ರಕಾರ ಪಾರ್ಸಲ್ ಮಾರನೇ ದಿನ ಹೊರಟಿದೆ. ಒಂದು ಪಾರ್ಸಲ್ ಸ್ಕ್ಯಾನೇ ಆಗದೆ ಕಳೆದುಹೋದರೆ ಅದನ್ನು ಕೊಟ್ಟೇ ಇಲ್ಲ ಅನ್ನುವ ಲೆಕ್ಕ. ಇದಕ್ಕೇ ಮ್ಯಾನಿಫೆಸ್ಟ್ ಅನ್ನುವ ಕಾಗದ ಅಷ್ಟು ಮುಖ್ಯ. ಯಾವ ಯಾವ ನಂಬರಿನ ಪಾರ್ಸಲ್ ಕೊಟ್ಟೆವು ಅನ್ನುವ ಪಟ್ಟಿ, ಅದರ ಮೇಲೆ ತಗೊಂಡವರ ಸಹಿ, ಹೊತ್ತು. ಸುಮ್ನೆ "ಮೂವತ್ತು ಪಾರ್ಸಲ್" ಅಂತ ಬರೆದು ಸಹಿ ಹಾಕಿಸಿಕೊಂಡರೆ ಕಳೆದುಹೋದದ್ದು ಅದರಲ್ಲಿ ಇತ್ತಾ ಅಂತ ಯಾರೂ ಹೇಳಲಾರರು.

ಕ್ಯಾಶ್ ಆನ್ ಡೆಲಿವರಿಯಲ್ಲಿ ಮತ್ತೊಂದು ತರಹದ ಪೆಟ್ಟು. 'ಗ್ರಾಹಕರು ಬೇಡ ಅಂದರು' ಅಂತ ಸುಳ್ಳು ಸ್ಕ್ಯಾನ್ ಬಿದ್ದರೆ ಪಾರ್ಸಲ್ ವಾಪಸ್ ಹೊರಡುತ್ತದೆ. ಮಾರಾಟ ಆಗಲಿಲ್ಲ, ಮಾಲು ವಾರಗಟ್ಟಲೆ ದಾರಿಯಲ್ಲಿ. ಕೆಲವು ಸಲ ಪುಟದಲ್ಲಿ 'ಮಾರಾಟಗಾರರಿಗೆ ಹಿಂತಿರುಗಿಸಲಾಗಿದೆ' ಅಂತ ಇರುತ್ತದೆ, ಪಾರ್ಸಲ್ ಮಾತ್ರ ಬಂದಿರುವುದಿಲ್ಲ. ಬಂದರೂ ಒಳಗೆ ಬೇರೆ ಮಾಲು ಇರಬಹುದು. ಇಲ್ಲಿ ಮಾರಾಟಗಾರರೇ ಗ್ರಾಹಕರ ಜಾಗದಲ್ಲಿ ನಿಂತು ವಾದಿಸಬೇಕು. ಕ್ಲೇಮ್ ಹಾಕಲು ಕೊಡುವ ಅವಧಿಯೂ ಚಿಕ್ಕದು. ಹಿಂತಿರುಗಿ ಬಂದ ಪ್ರತಿ ಪಾರ್ಸಲನ್ನೂ ಲೇಬಲ್ ಕಾಣುವ ಹಾಗೆ, ಎಲ್ಲೂ ನಿಲ್ಲಿಸದೆ ವಿಡಿಯೋ ಮಾಡುತ್ತಾ ಬಿಚ್ಚುವ ಅಭ್ಯಾಸ ಈಗ ಅನುಭವಸ್ಥರಲ್ಲಿ ಬೇರೂರಿರುವುದು ಇದಕ್ಕೇ.

ಕಾನೂನು ಏನು ಹೇಳುತ್ತದೆ? 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ವಾಪಸ್ ತಗೊಳ್ಳುವುದಿಲ್ಲ ಅಂತ ಮಾರಾಟಗಾರರು ಹೇಳುವಂತಿಲ್ಲ. ಪ್ರಕೃತಿ ವಿಕೋಪದಂಥ, ಕೈಮೀರಿದ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ. ಗ್ರಾಹಕರ ದೂರನ್ನು ಕಂಪನಿ 48 ಗಂಟೆಯೊಳಗೆ ಸ್ವೀಕರಿಸಿದ್ದೇವೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದು ಒಳ್ಳೆಯ ನಿಯಮ, ಬೇಕಾದ ನಿಯಮ. ಆದರೆ ಆ 48 ಗಂಟೆ, ಆ ಒಂದು ತಿಂಗಳು ಇರುವುದು ಗ್ರಾಹಕರ ದೂರಿಗೆ. ಮನೆಯಿಂದ ಮಾರುವ ಸಣ್ಣ ಮಾರಾಟಗಾರರ ದೂರು ಕಂಪನಿಯೇ ಬರೆದ ಒಪ್ಪಂದದ ಪ್ರಕಾರ ನಡೆಯುತ್ತದೆ. ಒಬ್ಬ ಮನುಷ್ಯ ಕೂತು ಅವರ ದಾಖಲೆ ಓದುವ ಹಕ್ಕು ಅವರಿಗೂ ಸಿಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸ್ಕ್ಯಾನ್ ಆದ ಜಾಗ, ಹೊತ್ತು, ತಗೊಂಡವರ ಹೆಸರು ಕೊರಿಯರ್ ಹತ್ತಿರ ಇದ್ದರೆ ಅದನ್ನು ಮಾರಾಟಗಾರರಿಗೆ ಕೇಳಿದ ಕೂಡಲೇ ಕೊಡಬೇಕು. ಇದು ದೊಡ್ಡ ಬೇಡಿಕೆ ಏನಲ್ಲ.

ಅಂಚೆ ಇಲಾಖೆಯ ಕಡೆಯಿಂದ ನಷ್ಟ ತುಂಬಿಸಿಕೊಳ್ಳುತ್ತೇನೆ ಅಂದುಕೊಂಡರೆ ಅಲ್ಲೂ ಮಿತಿ ಇದೆ. 1898ರ ಹಳೇ ಅಂಚೆ ಕಾಯ್ದೆಯಲ್ಲಿ, ಪತ್ರ ಪಾರ್ಸಲ್ ಕಳೆದುಹೋದರೆ, ತಡವಾದರೆ, ತಪ್ಪು ಮನೆಗೆ ಹೋದರೆ ಸರ್ಕಾರಕ್ಕೆ ಹೊಣೆ ಇಲ್ಲ ಅನ್ನುವ ಕಲಮು ಇತ್ತು. ತಾನಾಗಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಹೊಣೆ. ಅದರ ಜಾಗಕ್ಕೆ 2023ರ ಅಂಚೆ ಕಚೇರಿ ಕಾಯ್ದೆ ಬಂತು, 2024ರ ಜೂನ್ 18ರಿಂದ ಜಾರಿಯಾಯಿತು. ಅದೂ ನಿಯಮದಲ್ಲಿ ಹೇಳಿದಷ್ಟು ಬಿಟ್ಟರೆ ಬೇರೆ ಹೊಣೆ ಇಲ್ಲ ಅಂತಲೇ ಹೇಳುತ್ತದೆ. ಸ್ಪೀಡ್ ಪೋಸ್ಟ್ ಕಳೆದುಹೋದರೆ ಸಿಗುವ ಪರಿಹಾರ ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಎರಡರಲ್ಲಿ ಯಾವುದು ಕಮ್ಮಿಯೋ ಅದು. 2,500 ರೂಪಾಯಿಯ ಸೀರೆಗೆ 90 ರೂಪಾಯಿ ಶುಲ್ಕ ಕಟ್ಟಿದ್ದರೆ ಸಿಗುವುದು 180. ಬೆಲೆಬಾಳುವ ಮಾಲಿಗೆ ಬುಕಿಂಗ್ ವೇಳೆಯಲ್ಲೇ ಇನ್ಶೂರೆನ್ಸ್ ಮಾಡಿಸಬೇಕು. ಆಮೇಲೆ ಕೇಳಿದರೆ ಆಗುವುದಿಲ್ಲ.

ಇಲಾಖೆ ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಹೊಸ ಐಟಿ ವ್ಯವಸ್ಥೆಯನ್ನು 2025ರ ಮೇ, ಜೂನ್‌ನಲ್ಲಿ ಮೊದಲು ಪರೀಕ್ಷಿಸಿದ್ದು ನಮ್ಮ ಕರ್ನಾಟಕ ಅಂಚೆ ವೃತ್ತದಲ್ಲೇ. ಆಗಸ್ಟ್‌ನಲ್ಲಿ ಅದು ಇಡೀ ದೇಶಕ್ಕೆ ಹೋಯಿತು. 2025ರಲ್ಲೇ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಆ ವರ್ಷದ ಅಕ್ಟೋಬರ್ 1ರಿಂದ 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ಒಟಿಪಿ ಡೆಲಿವರಿ ಸಿಗುತ್ತದೆ. ಅಂದರೆ ಪಾರ್ಸಲ್ ಪಡೆಯುವವರು ತಮ್ಮ ಮೊಬೈಲಿಗೆ ಬಂದ ಒಟಿಪಿ ಹೇಳಿದ ಮೇಲೆಯೇ ಅದು ಅವರ ಕೈಗೆ ಸೇರುತ್ತದೆ. ಮಾರಾಟಗಾರರ ದೃಷ್ಟಿಯಿಂದ ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಗೇಟಿನ ಸೆಕ್ಯುರಿಟಿ ಹತ್ತಿರ ಬಿಟ್ಟುಹೋದ ಪಾರ್ಸಲ್‌ನ 'ಡೆಲಿವರ್ಡ್'ಗೂ, ಒಟಿಪಿ ಕೊಟ್ಟು ಪಡೆದ 'ಡೆಲಿವರ್ಡ್'ಗೂ ಬಹಳ ವ್ಯತ್ಯಾಸ ಇದೆ, ಅಲ್ವಾ? ಗ್ರಾಹಕರ ಮೊಬೈಲ್ ನಂಬರ್ ಸರಿಯಾಗಿರಬೇಕು ಅಷ್ಟೆ. ಬುಕ್ ಮಾಡುವಾಗ ತಮ್ಮದೇ ನಂಬರ್ ಎರಡೂ ಕಡೆ ಹಾಕುವ ರೂಢಿ ಕೆಲವರಿಗೆ ಇದೆ. ಅದನ್ನು ಬಿಡಬೇಕು.

ಕಡಲು ದಾಟಿದ ಪಾರ್ಸಲ್

ಚನ್ನಪಟ್ಟಣದ ಗೊಂಬೆಯನ್ನೋ ಕೈಹೊಲಿಗೆಯ ಬಟ್ಟೆಯನ್ನೋ ಬೆಂಗಳೂರಿನಿಂದ ಹೊರದೇಶಕ್ಕೆ ಮಾರುವವರಿಗೆ ಕಷ್ಟ ಇನ್ನೊಂದು ಮಟ್ಟದ್ದು. ಇಲ್ಲಿ ಒಂದು ಪಾರ್ಸಲ್‌ನ ಕಥೆಯನ್ನು ಎರಡು ದೇಶದ ಅಂಚೆಯವರು ಸೇರಿ ಬರೆಯುತ್ತಾರೆ. ನಮ್ಮ ಕಡೆಯಿಂದ ಹೊರಟಿತು ಅನ್ನುವವರೆಗೆ ನಮ್ಮವರ ಸ್ಕ್ಯಾನ್. ಆ ಕಡೆ ಇಳಿಯಿತು, ಕಸ್ಟಮ್ಸ್‌ನಲ್ಲಿದೆ, ಡೆಲಿವರಿ ಆಯಿತು ಅನ್ನುವುದೆಲ್ಲ ಅವರ ಸ್ಕ್ಯಾನ್. ಎರಡು ವ್ಯವಸ್ಥೆಗಳ ನಡುವೆ ಸಂದೇಶ ಹೋಗಿಬಂದರೆ ಮಾತ್ರ ನಮ್ಮ ಪುಟದಲ್ಲಿ ಕಾಣುತ್ತದೆ. ಸಂದೇಶ ಬರದಿದ್ದರೆ ಪಾರ್ಸಲ್ ವಾರಗಟ್ಟಲೆ 'ಹೊರಟಿದೆ' ಅನ್ನುವಲ್ಲೇ ನಿಂತ ಹಾಗೆ ಕಾಣುತ್ತದೆ. ಅದೇ ನಂಬರನ್ನು ತಲುಪಬೇಕಾದ ದೇಶದ ಅಂಚೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಎಷ್ಟೋ ಸಲ ಮುಂದಿನ ಸಾಲುಗಳು ಅಲ್ಲಿ ಸಿಗುತ್ತವೆ. ದೂರಿಗೆ ಉತ್ತರ ಕೊಡುವ ಮೊದಲು ಈ ಕೆಲಸ ಮಾಡಲೇಬೇಕು.

2025ರಲ್ಲಿ ಅಮೆರಿಕಕ್ಕೆ ಕಳಿಸುವವರು ಇದರ ಕೆಟ್ಟ ರೂಪ ನೋಡಿದರು. 800 ಡಾಲರ್‌ವರೆಗಿನ ಪಾರ್ಸಲ್‌ಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನುವುದು ಸ್ಪಷ್ಟವಾಗದ ಕಾರಣ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಆ ದೇಶಕ್ಕೆ ಬಹುತೇಕ ಪಾರ್ಸಲ್ ಬುಕಿಂಗ್ ನಿಲ್ಲಿಸಿತು. ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು. ಇಂಥ ಸಮಯದಲ್ಲಿ ಇಲಾಖೆಯ ಪ್ರಕಟಣೆಯ ಪ್ರತಿಯನ್ನು ದೂರಿನ ಜೊತೆ ಸೇರಿಸುವುದು ಒಳ್ಳೆಯದು. ತಡಕ್ಕೆ ಕಾರಣ ತಾವಲ್ಲ ಅನ್ನುವುದಕ್ಕೆ ಅದಕ್ಕಿಂತ ನೇರ ಪುರಾವೆ ಇಲ್ಲ.

ದೂರು ಬಂದ ದಿನ ಏನು ಮಾಡಬೇಕು

ಮೊದಲು ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಡಿ, ದಿನಾಂಕ ಮತ್ತು ಹೊತ್ತು ಕಾಣುವ ಹಾಗೆ. ಪುಟ ನಾಳೆ ಬದಲಾಗಬಹುದು, ಸ್ವಲ್ಪ ತಿಂಗಳಾದ ಮೇಲೆ ಕಾಣದೇ ಹೋಗಬಹುದು. ಕೌಂಟರಿನ ರಸೀದಿ ಶಾಯಿ ಬೇಗ ಮಾಸುತ್ತದೆ, ಅದರ ಫೋಟೋ ಬುಕಿಂಗ್ ದಿನವೇ ತೆಗೆದಿಟ್ಟಿರಬೇಕು. ರಸೀದಿಯಲ್ಲಿ ಪಿನ್ ಮತ್ತು ತೂಕ ಇರುತ್ತದೆ. ತೂಕ ದೊಡ್ಡ ಸಾಕ್ಷಿ. "ಖಾಲಿ ಡಬ್ಬ ಬಂತು" ಅನ್ನುವ ದೂರಿಗೆ, ಬುಕ್ ಆದಾಗ 640 ಗ್ರಾಂ ಇತ್ತು ಅನ್ನುವ ಸರ್ಕಾರಿ ರಸೀದಿ ಎದುರು ನಿಲ್ಲುತ್ತದೆ. ಕೋರ್ಟಿನವರೆಗೆ ಹೋಗುವ ಸಂದರ್ಭ ಬಂದರೆ ಮಾತ್ರ ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು.

ಗ್ರಾಹಕರ ಜೊತೆ ಮಾತಾಡುವಾಗ ಅನುಮಾನದಿಂದ ಶುರು ಮಾಡಬೇಡಿ. "ಮೇಡಂ, ದಾಖಲೆಯಲ್ಲಿ ತಲುಪಿದೆ ಅಂತ ಇದೆ, ನಿಮಗೆ ಬಂದಿಲ್ಲ ಅಂದರೆ ಎಲ್ಲೋ ತಪ್ಪಾಗಿದೆ. ಗೇಟಿನಲ್ಲಿ, ಪಕ್ಕದ ಮನೆಯಲ್ಲಿ ಒಮ್ಮೆ ವಿಚಾರಿಸ್ತೀರಾ? ನಾನೂ ಪೋಸ್ಟ್ ಆಫೀಸಿನಲ್ಲಿ ಕೇಳ್ತೀನಿ" ಅಂದರೆ ಬಹಳಷ್ಟು ಪಾರ್ಸಲ್ ಅವತ್ತೇ ಸಿಗುತ್ತದೆ. ಈ ಮಾತುಕತೆಯನ್ನು ಮಾರ್ಕೆಟ್‌ಪ್ಲೇಸ್‌ನ ಮೆಸೇಜ್ ಪೆಟ್ಟಿಗೆಯಲ್ಲೇ ಮಾಡಿ. ವಾಟ್ಸಾಪ್‌ನಲ್ಲಿ ಆಡಿದ ಮಾತು ಸಾಫ್ಟ್‌ವೇರಿಗೆ ಕಾಣುವುದಿಲ್ಲ. ಪಾರ್ಸಲ್ ಸಿಕ್ಕಿತು ಅಂತ ಅವರು ಅದೇ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದರೆ, ಸೀರೆ ಹುಬ್ಬಳ್ಳಿಯಲ್ಲೇ ಇದೆ ಅನ್ನುವ ಪುಟಕ್ಕಿಂತ ಅದರ ಬೆಲೆ ಜಾಸ್ತಿ.

ಅದೇ ದಿನ ಅಂಚೆ ಇಲಾಖೆಗೂ ದೂರು ಹಾಕಬೇಕು. ವೆಬ್‌ಸೈಟಿನಲ್ಲಿ ಹಾಕಬಹುದು, 1800 266 6868ಕ್ಕೆ ಫೋನ್ ಮಾಡಬಹುದು, ಕೇಂದ್ರ ಸರ್ಕಾರದ ದೂರು ತಾಣ ಸಿಪಿಗ್ರಾಮ್ಸ್‌ನಲ್ಲೂ ದಾಖಲಿಸಬಹುದು. "ನನ್ನ ಪಾರ್ಸಲ್ ಎಲ್ಲಿ" ಅಂತ ಬರೆದರೆ ಟ್ರ್ಯಾಕಿಂಗ್ ಸಾಲುಗಳನ್ನೇ ನಕಲು ಮಾಡಿ ಉತ್ತರ ಕೊಡುತ್ತಾರೆ. ಪ್ರಶ್ನೆ ಬೇರೆ ಇರಬೇಕು. ಯಾವ ಕಚೇರಿಯಿಂದ, ಯಾವ ಬೀಟಿನಲ್ಲಿ (ಪೋಸ್ಟ್‌ಮ್ಯಾನ್ ಸುತ್ತುವ ಏರಿಯಾ), ಯಾರ ಕೈಗೆ ಕೊಟ್ಟರು? ಸಹಿ ಅಥವಾ ಒಟಿಪಿ ದಾಖಲೆ ಇದೆಯಾ? ಇಲ್ಲವಾದರೆ ಡೆಲಿವರಿ ಅಂತ ಯಾವ ಆಧಾರದ ಮೇಲೆ ಹಾಕಿದರು? ಇದಕ್ಕೆ ಬಂದ ಲಿಖಿತ ಉತ್ತರ, ತಪ್ಪಾಗಿದೆ ಅಂತ ಒಪ್ಪಿದರೂ ಸರಿ, ಮಾರ್ಕೆಟ್‌ಪ್ಲೇಸ್ ಮುಂದೆ ಮೇಲ್ಮನವಿ ಹಾಕುವಾಗ ಕೆಲಸಕ್ಕೆ ಬರುತ್ತದೆ. ಹೊರದೇಶದ ಪಾರ್ಸಲ್ ಆದರೆ ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ಬುಕ್ ಆದ ಮಾರನೇ ದಿನದಿಂದ ಆರು ತಿಂಗಳೊಳಗೆ ವಿಚಾರಣೆ ಕೇಳಬಹುದು. ದೇಶದೊಳಗಿನದಕ್ಕೆ ಅಷ್ಟು ಕಾಯಬೇಡಿ. ಮಾರ್ಕೆಟ್‌ಪ್ಲೇಸ್ ಆಗಲೇ ರೀಫಂಡ್ ಕೊಟ್ಟುಬಿಟ್ಟಿದ್ದರೂ ಅಂಚೆ ದೂರನ್ನು ವಾಪಸ್ ತಗೊಳ್ಳಬೇಡಿ. ಕೆಲವು ವಾರ ಕಳೆದ ಮೇಲೆ ಪಾರ್ಸಲ್ ಯಾವುದೋ ಹಬ್‌ನಲ್ಲಿ ಸಿಕ್ಕಿ ನಿಮ್ಮ ಮನೆಗೇ ವಾಪಸ್ ಬರುವುದೂ ಉಂಟು. ಆಗ ಮಾಲಾದರೂ ಉಳಿಯುತ್ತದೆ.